ಒಲ್ಲೆ ಅನ್ನುವ ಕಬ್ಬಿಣ

ಹದಡಿ ರಸ್ತೆಯ ನನ್ನ ರಿವೈಂಡಿಂಗ್ ಅಂಗಡಿಗೆ
ನೀಲಾವತಿ ಮೇಡಂ ಸ್ಕೂಟರಿನ ಮುಂದಿಟ್ಟು ತಂದದ್ದು
ಗೋಣಿತಾಟಿನಲ್ಲಿ ಸುತ್ತಿದ ಒಂದು ರೋಟರು.
ಬಿಚ್ಚಿ ನೋಡಿದೆ. ತಾಮ್ರವಿಲ್ಲ, ಅಯಸ್ಕಾಂತವಿಲ್ಲ,
ಆರು ಹಲ್ಲಿನ ಬರೀ ಕಬ್ಬಿಣ,
ಹಾಳೆ ಹಾಳೆ ಪೇರಿಸಿ ಒತ್ತಿದ್ದು.
'ಇದಕ್ಕೆ ನಾನು ಸುತ್ತೋದು ಏನೈತಿ ಮೇಡಂ?'
'ಇದಕ್ಕೇನೂ ಬೇಡ ಚಮನ್‌ಸಾಬ್,
ಸುತ್ತೋದೆಲ್ಲ ಹೊರಗಿನ ಎಂಟು ಕಂಬಕ್ಕೆ.'

ಮೂವತ್ತೊಂದು ವರ್ಷ ಸುಟ್ಟ ಮೋಟಾರುಗಳ
ಕರುಳು ತೆಗೆದವನು ನಾನು.
ಬೋರಿನವು, ಹಿಟ್ಟಿನ ಗಿರಣಿಯವು, ಮಂಡಕ್ಕಿ ಭಟ್ಟಿಯ ಬ್ಲೋವರಿನವು,
ಹತ್ತಿ ಮಿಲ್ಲು ಮುಚ್ಚಿದ ಮೇಲೆ ತೂಕಕ್ಕೆ ಬಂದವು.
ವಾಸನೆಯಲ್ಲೇ ಹೇಳಬಲ್ಲೆ
ಯಾವುದು ಒಂದು ಫೇಸು ಕಳಕೊಂಡು ಓಡಿ ಸತ್ತಿತು ಅಂತ.
ತನ್ನದೆಂಬ ಒಂದೆಳೆ ತಂತಿಯಿಲ್ಲದೆ
ಕರೆಂಟು ಹುಟ್ಟಿಸುವ ಕಬ್ಬಿಣ
ನನ್ನ ಕೈಗೆ ಇದೇ ಮೊದಲು.

ಹೆಸರು ಕೇಳಿದೆ. ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಅಂದರು.
ನಮ್ಮ ಮಾತಲ್ಲಿ ಹೇಳ್ರೀ ಅಂದೆ.
ಬೋಲ್ಟಿನ ಡಬ್ಬಿ ಕೆದಕುತ್ತ ಸ್ವಲ್ಪ ಹೊತ್ತು ಕೂತು
'ಒಲ್ಲೆ ಅನ್ನೋ ಗುಣ' ಅಂದರು.
'ಹಲ್ಲು ಕಂಬದೆದುರು ನಿಂತಾಗ ಕಾಂತದ ಹರಿವು ಹೂಂ ಅಂತದೆ,
ಸರಿದರೆ ಒಲ್ಲೆ ಅಂತದೆ.
ಆ ಹೂಂಗೂ ಒಲ್ಲೆಗೂ ನಡುವೆ ನಮ್ಮ ಸಂಪಾದನೆ.'
ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು,
ನಗು ಬಂತು, ನುಂಗಿಕೊಂಡೆ.
ಗೋಡೆಯಾಚೆ ನನ್ನ ತಮ್ಮ ಬಾಬಾಜಾನ್
ಬೇರಿಂಗು ಬಡಿಯುತ್ತಿದ್ದ.
ಒಂದೇ ಅಂಗಡಿ, ನಡುವೆ ಹಾಲೋಬ್ಲಾಕಿನ ಗೋಡೆ,
ಎಂಟು ವರ್ಷ.

ಒಂಬತ್ತು ದಿನ ಸುತ್ತಿದೆ.
ಕಂಬಕ್ಕೆ ನೂರಾ ಹದಿನೆಂಟು,
ಲೆದರಾಯ್ಡ್ ಹಾಳೆ, ಬಿದಿರ ಸೀಳು, ನೂಲಿನ ಬಿಗಿ,
ಎದುರುಬದುರಿನವು ಸೇರಿ ನಾಲ್ಕು ಜೋಡಿ.
ಎಣಿಕೆ ತಪ್ಪೀತೆಂದು ಫೋನೂ ಎತ್ತಲಿಲ್ಲ.

ಮುಂದೆ ಇದು ದುರ್ಗದ ಗುಡ್ಡದ ಗಾಳಿಗೆ ಹೋಗುವುದಂತೆ.
ಇವತ್ತಿಗೆ ಗಾಳಿಯೆಂದರೆ ನನ್ನ ಹಳೇ ಐದು ಎಚ್‌ಪಿ, ಒಂದು ಬೆಲ್ಟು.
'ಮೊದಲು ಬ್ಯಾಟರಿಯಿಂದ ಸಾಲ ಕೊಡಬೇಕು,' ಅಂದರು ಮೇಡಂ,
'ಹಲ್ಲು ಎದುರಾಗುವ ಹೊತ್ತಿಗೆ ಕೊಟ್ಟು
ಸರಿಯುತ್ತಲೇ ಕೈಬಿಡಬೇಕು.
ಗಾಳಿ ಎಳೆದು ಬೇರೆ ಮಾಡಿದ್ದು ಬಡ್ಡಿ ಸಮೇತ ವಾಪಸು.
ಮುಂಚೆಯೇ ಕೊಟ್ಟಿರೋ, ತಿಂದು ತಾನೇ ತಿರುಗುತ್ತೆ.'

ಹೊತ್ತಿನ ಮಾತು ನನಗೆ ಹೊಸದಲ್ಲ.
ದಾವಣಗೆರೆಯ ಹೊತ್ತೆಲ್ಲ ಆಗ ಸೈರನ್ನಿನದು.
ಮೊದಲನೆಯದಕ್ಕೆ ಅಪ್ಪ ಗಡ್ಡ ಕೆರೆಯುತ್ತಿದ್ದ,
ಎರಡನೆಯದಕ್ಕೆ ಗೇಟು.
ಮೂರು ನಿಮಿಷಕ್ಕೆ ಅರ್ಧ ದಿನದ ಕೂಲಿ ಹೋದದ್ದುಂಟು.

ಸ್ವಿಚ್ಚು ಒತ್ತಿದರು.
ಬಲ್ಬು ಕಣ್ಣು ಬಿಡಲಿಲ್ಲ, ಬ್ಯಾಟರಿಯ ಮುಳ್ಳು ಕುಸಿಯಿತು.
ಇದೇ ನನ್ನ ಮೋಟಾರನ್ನು ಎಳೆದಾಡುತ್ತಿತ್ತು!
ಮೇಡಂ ಲ್ಯಾಪ್‌ಟಾಪಿನಲ್ಲಿ ಡಿಗ್ರಿ ಡಿಗ್ರಿಯಾಗಿ ತಡ ಮಾಡುತ್ತ ಹೋದರು.
ಹನ್ನೊಂದಕ್ಕೆ ಬಲ್ಬು ಕೆಂಪಗಾಯಿತು, ಆಮೇಲೆ ಹಳದಿ.
ನಿಲುವು ತೋರುವ ತೂತಿನ ತಟ್ಟೆಯನ್ನು
ಓರೆಯಾಗಿ ಕೂರಿಸಿದ್ದು ನಾನು.
ಅದನ್ನು ಅವರಿಗೆ ಇನ್ನೂ ಹೇಳಿಲ್ಲ.

ಬೆಳಕಿನ ಜೊತೆಗೇ ಶುರುವಾಯಿತು ಊಳು.
ಒಂದೊಂದು ಹಲ್ಲೂ ಕಂಬ ಬಿಡುವಾಗ ಒದರಿ
ತಗಡಿನ ಚಾವಣಿಯೆಲ್ಲ ಗಡಗಡ.
ಎದುರಿನ ಟೈರಿನಂಗಡಿಯ ಹುಡುಗರು ಬಂದು ನಿಂತರು.
ಅವರ ಹಿಂದೆ ಬಾಬಾಜಾನ್.

ನನ್ನ ಕಡೆ ನೋಡಲಿಲ್ಲ. ಸ್ಕ್ರೂಡ್ರೈವರಿನ ತುದಿ ಯಂತ್ರದ ಮೈಗೆ,
ಹಿಡಿ ಕಿವಿಗೆ, ಕಣ್ಣು ಮುಚ್ಚಿ
ಅಪ್ಪ ನಿಲ್ಲುತ್ತಿದ್ದ ಹಾಗೆಯೇ ನಿಂತ.
'ಕಾಲಿನ ಬೋಲ್ಟು, ಎಡಗಡೆ' ಅಂದ, ಯಂತ್ರಕ್ಕೆ.
ನನ್ನ ಹಲಗೆಯಿಂದ ಹದಿನೇಳರ ಸ್ಪ್ಯಾನರು ತಗೊಂಡು
ಎರಡು ಸುತ್ತು ಬಿಗಿದ.
ಊಳು ಅರ್ಧಕ್ಕಿಳಿಯಿತು. ಉಳಿದರ್ಧ ಅದರ ಹುಟ್ಟುಗುಣ ಅಂದರು ಮೇಡಂ.

ಸ್ಪ್ಯಾನರು ಅವನ ಜೇಬಿನಲ್ಲೇ ಹೋಗಿದೆ.
ಇಸ್ಕೊಳ್ಳೋಕೆ ಹೋಗಬೇಕು.
ಯಾವ ಹೊತ್ತಿಗೆ ಅಂತ ಲೆಕ್ಕ ಹಾಕುತ್ತಿದ್ದೇನೆ.